ಕೆಲಸದಾಗ ಖುಷಿ, ಕೆಲಸಕ್ಕೊಂದು ಅರ್ಥ: ಬಳ್ಳಾರಿ ಕಡೆ ಪದೇ ಪದೇ ಕೇಳೋ ಪ್ರಶ್ನೆಗಳು

ಮೊದ್ಲೇ ಹೇಳ್ಬಿಡ್ತೀನಿ, ನಾನು ಡಾಕ್ಟರೂ ಅಲ್ಲ, ಸ್ಟೇಜ್ ಮ್ಯಾಲೆ ನಿಂತು ಮೋಟಿವೇಷನ್ ಭಾಷಣ ಹೊಡಿಯೋನೂ ಅಲ್ಲ. ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ಗೆ ಹೆಲ್ಪರ್ ಆಗಿ ಸೇರ್ದೋನು, ಆಮ್ಯಾಲೆ ಬೆಲ್ಟ್ ಕೂಡಿಸೋ ಮಶೀನ್ ಮ್ಯಾಲೆ ಕೂತೆ, ಇವಾಗ ಒಂದು ಲೈನ್ ನೋಡ್ಕೊಳೋ ಸೂಪರ್‌ವೈಸರ್. ಒಟ್ಟು 16 ವರ್ಷ ಆಯ್ತು. ಸಾಯಂಕಾಲ ಯೂನಿಟ್ ಹೊರಗೆ ಒಗ್ಗರಣಿ-ಮಿರ್ಚಿ ಬಂಡಿ ಹತ್ರ ನಿಂತ್ರೆ ಸಾಕು, ಹುಡುಗ್ರು ಬಂದು ಅದೇ ಅದೇ ಪ್ರಶ್ನೆ ಕೇಳ್ತಾರೆ, ಕೊಪ್ಪಳ ರಾಯಚೂರು ಕಡೆ ಇರೋ ನಮ್ ಬೀಗರ ಹುಡುಗ್ರು ಫೋನ್ ಮಾಡಿ ಕೇಳೋದೂ ಅದನ್ನೇ, ಎಲ್ರಿಗೂ ಬ್ಯಾರೆ ಬ್ಯಾರೆ ಹೇಳಿ ಬಾಯಿ ನೋವು ಬಂತು, ಅದಕ್ಕೆ ಒಂದೇ ಸಲ ಬರ್ದು ಇಡ್ತಿದೀನಿ.

ದುಡ್ಡು ಬಂದ್ರೆ ಸಾಕಲ್ವೇನಣ್ಣಾ, ಖುಷಿ ಗಿಷಿ ಎಲ್ಲಾ ಯಾಕೆ?

ದುಡ್ಡು ಮೊದ್ಲು, ಅದ್ರಾಗ ನಂಗೇನೂ ಅನುಮಾನ ಇಲ್ಲ. ಶನಿವಾರ ಬಟವಾಡೆ ಆಗ್ಲಿಲ್ಲಾಂದ್ರೆ ಮಂದಿ ಮುಖ ಹೆಂಗಿರುತ್ತೆ ಅಂತ ನಾನು ನೋಡಿದೀನಿ, ಅವತ್ತು ಅವ್ರ ಮುಂದೆ ನಿಂತು ಖುಷಿ ಬಗ್ಗೆ ಮಾತಾಡಿದ್ರೆ ಕತ್ರಿ ತಗೊಂಡು ಹಿಂದೆ ಬರ್ತಾರೆ, ಬರ್ಬೇಕು ಕೂಡ.

ಆದ್ರೆ ಇನ್ನೊಂದು ನೋಡಿದೀನಿ. ಪೀಸ್ ರೇಟ್ (ಒಂದು ಪೀಸಿಗೆ ಇಷ್ಟು ಅಂತ ಕೊಡೋ ಕೂಲಿ) ಏರಿಸಿದಾಗ ಲೈನ್‌ನಾಗ ನಗು ಇರೋದು ಎರಡು ವಾರ, ಮೂರನೇ ವಾರಕ್ಕೆ ಮತ್ತೆ ಅದೇ ಮುಖ ಅದೇ ಜಗಳ. ಹರ್ಜ್‌ಬರ್ಗ್ ಅಂತ ಅಮೆರಿಕದ ಒಬ್ಬ ಮನಃಶಾಸ್ತ್ರದೋನು 1959ರಲ್ಲೇ ಇದನ್ನ ಹೇಳಿದಾನೆ. ಸಂಬಳ, ಕೂತ್ಕೊಳೋ ಜಾಗ, ಮ್ಯಾಲಿನೋರ ನಡತೆ ಇವು ಕೆಟ್ಟಿದ್ರೆ ಬೇಸರ ಗ್ಯಾರಂಟಿ, ಆದ್ರೆ ಇವು ಸರಿ ಹೋದ ಮಾತ್ರಕ್ಕೆ ಖುಷಿ ಬರುತ್ತೆ ಅಂತೇನಿಲ್ಲ, ಅದಕ್ಕೆ ಒಂದು ಕೆಲಸ ನಾನು ಮಾಡಿ ಮುಗಿಸ್ದೆ ಅನ್ನೋದು ಬೇಕು, ಅದನ್ನ ಇನ್ನೊಬ್ರು ಗುರುತಿಸೋದು ಬೇಕು ಅಂತ. ಆತನ ಲೆಕ್ಕದಾಗ ತಪ್ಪು ಹುಡುಕ್ದೋರೂ ಬಾಳ ಮಂದಿ ಇದಾರೆ, ಇರ್ಲಿ. ನಮ್ಮವ್ವನ ಅಡಿಗಿ ಮನಿ ಭಾಷೆನಾಗ ಹೇಳೋದಾದ್ರೆ ಸಂಬಳ ಅಂದ್ರೆ ಉಪ್ಪು. ಉಪ್ಪಿಲ್ದ ಸಾರು ಗಂಟಲಾಗ ಇಳಿಯಲ್ಲ, ಹಂಗಂತ ಬರೇ ಉಪ್ಪು ತಿಂದು ಎದ್ದೋರನ್ನ ನಾನಂತೂ ಕಂಡಿಲ್ಲ.

ನಮ್ ಓನರ್ ಗೋಡೆ ಮ್ಯಾಲೆ 'ಕಾಯಕವೇ ಕೈಲಾಸ' ಅಂತ ದಪ್ಪ ಅಕ್ಷರದಾಗ ಬರ್ಸಿದಾನೆ, ಓಟಿ (ಓವರ್‌ಟೈಮ್) ದುಡ್ಡು ಮಾತ್ರ ಕೊಡಲ್ಲ. ಏನ್ ಮಾಡ್ಲಿ?

ಈ ಪ್ರಶ್ನೆ ಕೇಳ್ದ ಹುಡುಗ ಸಿಟ್ಟಿನಾಗ ಕೇಳ್ದ, ನಂಗೆ ಮಾತ್ರ ನಗು ಬಂತು, ಯಾಕಂದ್ರೆ ಆ ಮಾತಿನ ಹಿಂದೆ ಇರೋ ಮನುಷ್ಯ ನಮ್ ಕಡೆಯೋನೇ. ಆಯ್ದಕ್ಕಿ ಮಾರಯ್ಯ ಅಂತ ಬಸವಣ್ಣನ ಕಾಲದ ಶರಣ, ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಅಮರೇಶ್ವರದೋನು. ಕಾಯಕದಾಗ ಮುಳುಗಿದಾಗ ಗುರು ಎದ್ರಿಗೆ ಬಂದ್ರೂ ಮರೀಬೇಕು, ಲಿಂಗಪೂಜೆನೂ ಮರೀಬೇಕು ಅಂತ ಹೇಳ್ದೋನು ಆತನೇ. ಕಲ್ಯಾಣದಾಗ ಬಿದ್ದ ಅಕ್ಕಿ ಆಯ್ಕೊಂಡು ತರೋದು ಆತನ ಕಾಯಕ.

ಒಂದಿನ ಏನಾಯ್ತು ಅಂದ್ರೆ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಹೆಂಡ್ತಿ ಲಕ್ಕಮ್ಮ ಕೈಯಾಗ ಹಿಡ್ದು ನೋಡಿ ಕೇಳಿದ್ಲು, ಇಷ್ಟೊಂದು ಯಾಕೆ, ಇದು ನಮ್ ಪಾಲಿನದಲ್ಲ, ಹೋಗಿ ಅಲ್ಲೇ ಸುರಿದು ಬಾ ಅಂದ್ಲು. ಕತೆನಾಗ ಈ ಭಾಗನ ಯಾವ ಓನರೂ ಗೋಡೆ ಮ್ಯಾಲೆ ಬರ್ಸಲ್ಲ ನೋಡ್ರಿ. ನಿಮ್ ಓಟಿ ದುಡ್ಡು ಇಟ್ಕೊಂಡೋನು ಲಕ್ಕಮ್ಮನ ಲೆಕ್ಕದಾಗ ತನ್ನ ಪಾಲಿನದಲ್ಲದ ಅಕ್ಕಿ ಮನಿಗೆ ತಂದೋನು.

ಕಾನೂನಿನ ಲೆಕ್ಕ ಬೇಕಂದ್ರೆ, ಕಾರ್ಖಾನೆನಾಗ ವಾರಕ್ಕೆ 48 ತಾಸು, ಅದರ ಮ್ಯಾಲೆ ಮಾಡಿದ್ದಕ್ಕೆ ಡಬಲ್ ರೇಟ್. ನೀವು ದಿನಾ ಬಂದ ಟೈಮು ಹೋದ ಟೈಮು ಒಂದು ನೋಟ್‌ಬುಕ್‌ನಾಗ ಬರ್ದಿಡ್ರಿ, ತಾರೀಖು ಸಮೇತ, ಕಾರ್ಮಿಕ ಇಲಾಖೆ ಆಫೀಸಿಗೆ ಹೋಗೋ ಪರಿಸ್ಥಿತಿ ಬಂದ್ರೆ ಬಾಯಿ ಮಾತಿಗಿಂತ ಆ ನೋಟ್‌ಬುಕ್ ಮಾತು ಕೇಳ್ತಾರೆ. ಒಬ್ರೇ ಹೋಗ್ಬ್ಯಾಡ್ರಿ, ನಾಕು ಮಂದಿ ಹೋಗ್ರಿ.

ನಂದು ದಾರ ಕಡಿಯೋ ಕೆಲಸ. ಇದ್ರಾಗ ಎಂಥಾ ಅರ್ಥ ಐತೆ ಹೇಳಣ್ಣಾ?

ಇದಕ್ಕೆ ಉದ್ದ ಉತ್ರ ಐತೆ, ಚಾ ತಗೊಂಡು ಕೂತ್ಕೊಳ್ರಿ.

ಗೊತ್ತಿಲ್ದೋರಿಗೆ ಹೇಳ್ತೀನಿ, ಪ್ಯಾಂಟ್ ಹೊಲ್ದು ಮುಗಿದ ಮ್ಯಾಲೆ ಹೊಲಿಗಿ ತುದಿ ತುದಿನಾಗ ದಾರ ಜೋತಾಡ್ತಿರುತ್ತೆ, ಅದನ್ನ ಪುಟ್ಟ ಕತ್ರಿಲಿ ಕಡಿಯೋರಿಗೆ ಟ್ರಿಮ್ಮಿಂಗ್‌ನೋರು ಅಂತೀವಿ, ಯೂನಿಟ್‌ನಾಗ ಎಲ್ರಿಗಿಂತ ಕಮ್ಮಿ ಕೂಲಿ ಅವ್ರಿಗೇ. ನಮ್ ಲೈನ್‌ನಾಗ ಒಬ್ಬ ಅಕ್ಕ ಇದಾರೆ. ಪ್ಯಾಂಟ್ ಉಲ್ಟಾ ಮಾಡಿ ಒಂದು ಸಲ ಝಾಡಿಸ್ತಾರೆ, ತೊಡೆ ಕೂಡೋ ಜಾಗದಿಂದ ಶುರು ಮಾಡಿ ಕಾಲಿನ ಮಡಿಕೆ ತನಕ ಎಡಗೈ ಹೆಬ್ಬೆರಳು ಹೊಲಿಗಿ ಮ್ಯಾಲೆ ಓಡುತ್ತೆ, ಕಣ್ಣು ಎಲ್ಲೋ ಇರುತ್ತೆ, ಬೆರಳು ನಿಂತ ಕಡೆ ಕತ್ರಿ ಬೀಳುತ್ತೆ. ಬೆರಳು ಎರಡು ಸಲ ನಿಂತ್ರೆ ದಾರ ಅಲ್ಲ, ಹೊಲಿಗಿ ಬಿಟ್ಟೈತೆ ಅಂತ ಅರ್ಥ. ವಾಷಿಂಗ್‌ಗೆ ಹೋಗೋ ಮುಂಚೆ ಆ ಅಕ್ಕ ಹಿಡ್ದ ತಪ್ಪುಗಳು ಎಷ್ಟೋ. ಒಂದು ಸಲ ಒಂದು ಲಾಟ್ ಪೂರ್ತಿ ಹಿಂದಿನ ಲೂಪ್ (ಬೆಲ್ಟ್ ತೂರ್ಸೋ ಪಟ್ಟಿ) ಸಡಿಲ ಇತ್ತು, ಮಶೀನ್ ದೋಷ, ನಾನು ನೋಡಿದ್ದೆ, ಚೆಕ್ಕರ್ ನೋಡಿದ್ದ, ಇಬ್ರಿಗೂ ಕಾಣ್ಲಿಲ್ಲ, ಆ ಅಕ್ಕನ ಹೆಬ್ಬೆರಳಿಗೆ ಕಂಡಿತ್ತು. ವಾಷಿಂಗ್‌ನಾಗ ಕಲ್ಲಿನ ಜೊತೆ ತಿರುಗಿದ್ರೆ ಎಲ್ಲಾ ಲೂಪೂ ಕಿತ್ಕೊಂಡು ಬರ್ತಿತ್ತು.

ಆದ್ರೂ ಆ ಅಕ್ಕನ್ನ ಕೇಳಿದ್ರೆ 'ನಂದೇನು, ದಾರ ಕಡಿತೀನಿ' ಅಂತಿದ್ರು. ಯಾಕಂದ್ರೆ ಪ್ಯಾಂಟ್ ಇಲ್ಲಿಂದ ಹೋದ ಮ್ಯಾಲೆ ಏನಾಗುತ್ತೆ ಅಂತ ಅವ್ರಿಗೆ ಯಾರೂ ತೋರಿಸಿರ್ಲಿಲ್ಲ.

ಆಡಮ್ ಗ್ರಾಂಟ್ ಅನ್ನೋ ಸಂಶೋಧಕ ಅಮೆರಿಕದ ಒಂದು ಯೂನಿವರ್ಸಿಟಿನಾಗ ಒಂದು ಪ್ರಯೋಗ ಮಾಡಿದ, 2007ರಲ್ಲಿ ಅಚ್ಚಾಯ್ತು. ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ದೇಣಿಗೆ ಕೇಳೋ ಹುಡುಗ್ರು, ದಿನಾ ಬೈಸ್ಕೊಳೋ ಕೆಲಸ. ಅವ್ರಾಗ ಕೆಲವ್ರಿಗೆ ಆ ದೇಣಿಗೆ ದುಡ್ಡಿನಾಗ ಓದ್ತಿರೋ ಒಬ್ಬ ವಿದ್ಯಾರ್ಥಿನ ಬರೇ ಐದು ನಿಮಿಷ ಭೇಟಿ ಮಾಡಿಸ್ದ. ಒಂದು ತಿಂಗಳಾದ ಮ್ಯಾಲೆ ನೋಡಿದ್ರೆ ಅವ್ರು ಫೋನಿನಾಗ ಕಳೆಯೋ ಟೈಮು 142 ಪರ್ಸೆಂಟ್ ಜಾಸ್ತಿ, ತಂದ ದುಡ್ಡು 171 ಪರ್ಸೆಂಟ್ ಜಾಸ್ತಿ. ಸಂಬಳ ಏರಿಸಿರ್ಲಿಲ್ಲ. ತಮ್ಮ ಕೆಲಸ ಯಾರ ಕೈಗೆ ಹೋಗ್ತೈತೆ ಅಂತ ಮುಖ ನೋಡಿದ್ರು, ಅಷ್ಟೇ. (ಓನರ್‌ಗಳು ಇದನ್ನ ಓದಿ ಏರಿಕೆ ಬದ್ಲು ಭೇಟಿ ಮಾಡಿಸ್ತೀವಿ ಅಂದ್ರೆ ಮ್ಯಾಲಿನ ಉಪ್ಪಿನ ಮಾತು ಇನ್ನೊಂದ್ ಸಲ ಓದ್ರಿ.)

ನಾನೂ ಒಂದು ಸಣ್ಣದು ಮಾಡ್ದೆ. ಹೊಸಪೇಟೆ ಬಸ್ ಸ್ಟ್ಯಾಂಡ್‌ನಾಗ ಒಬ್ಬ ಹುಡುಗ ನಮ್ ಲಾಟಿನ ಪ್ಯಾಂಟ್ ಹಾಕ್ಕೊಂಡು ನಿಂತಿದ್ದ, ಹಿಂದಿನ ಜೇಬಿನ ಡಿಸೈನ್ ನೋಡೇ ಗೊತ್ತಾಯ್ತು, ಮೊಣಕಾಲ ಹತ್ರ ಸವೆದು ಬೆಳ್ಳಗಾಗಿತ್ತು, ಲೂಪ್ ಮಾತ್ರ ಐದಕ್ಕೈದೂ ಗಟ್ಟಿ. ಆತನ್ನ ಕೇಳಿ ಫೋಟೋ ತಗೊಂಡೆ, ಎರಡು ವರ್ಷದಿಂದ ಇದೇ ಹಾಕ್ತಿದೀನಿ ಅಂದ. ಮರುದಿನ ಅಕ್ಕನಿಗೆ ತೋರಿಸ್ದೆ. ಏನೂ ಅನ್ಲಿಲ್ಲ, ಫೋಟೋ ದೊಡ್ಡದು ಮಾಡಿ ಲೂಪ್ ನೋಡಿದ್ರು, ಫೋನ್ ವಾಪಸ್ ಕೊಟ್ರು. ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದೋಳಿಗೆ ಹೇಳ್ತಿದ್ರು, 'ನಮ್ ಪ್ಯಾಂಟ್ ಹೊಸಪೇಟ್ಯಾಗ ಐತಂತೆ'. ಕೇಳಿಸ್ಕೊಂಡ್ರಾ, ನಮ್ ಪ್ಯಾಂಟ್.

ಕೆಲಸ ಬದಲಾಯಿಸ್ದೇ ಇರೋ ಕೆಲಸಾನೇ ಚಲೋ ಮಾಡ್ಕೊಳಕ್ಕೆ ಆಗುತ್ತಾ?

ಸ್ವಲ್ಪ ಮಟ್ಟಿಗೆ ಆಗುತ್ತೆ. 2001ರಲ್ಲಿ ಏಮಿ ರೆಸ್ನೆಸ್ಕಿ ಮತ್ತೆ ಜೇನ್ ಡಟನ್ ಅನ್ನೋ ಇಬ್ರು ಈ ಬಗ್ಗೆ ಬರ್ದಿದಾರೆ, ಅದ್ರಾಗ ಆಸ್ಪತ್ರೆ ಕಸ ಗುಡಿಸೋರ ಉದಾಹರಣೆ ಐತೆ. ಅದೇ ಪೊರಕೆ ಅದೇ ಬಕೀಟು, ಕೆಲವ್ರು ನೆಲ ಒರೆಸಿ ಹೋಗ್ತಿದ್ರು, ಕೆಲವ್ರು ರೋಗಿಗಳನ್ನ ಮಾತಾಡ್ಸಿ, ಬಂದೋರಿಗೆ ದಾರಿ ತೋರ್ಸಿ, ತಾವೂ ವಾಸಿ ಮಾಡೋರಾಗ ಒಬ್ರು ಅಂತ ತಿಳ್ಕೊಂಡಿದ್ರು. ಯಾರೂ ಹೇಳಿರ್ಲಿಲ್ಲ, ತಾವೇ ಕೆಲಸದ ಅಂಚು ಸ್ವಲ್ಪ ಹಿಗ್ಗಿಸ್ಕೊಂಡಿದ್ರು.

ನಮ್ ಕಡೆ ಹೆಂಗೆ ಅಂದ್ರೆ, ಹೊಸ ಹುಡುಗಿಗೆ ಮಶೀನ್ ಕಲ್ಸೋ ಜವಾಬ್ದಾರಿ ಕೇಳಿ ತಗೊಳ್ರಿ. ಒಂದೇ ಆಪರೇಷನ್ ಮಾಡಿ ಮಾಡಿ ಬೋರ್ ಆದ್ರೆ ಇನ್ನೊಂದು ಮಶೀನ್ ಕಲಿಯಕ್ಕೆ ಕೇಳ್ರಿ, ಓವರ್‌ಲಾಕ್‌ನೋರು ಕಾಜಾ-ಬಟನ್ ಕಲಿತ್ರೆ ನಾಳೆ ಯಾವ ಯೂನಿಟ್‌ಗೆ ಹೋದ್ರೂ ಬೆಲೆ. ಕೆಲಸ ಕೈಗಿಂತ ಬಾಳ ಸಲೀಸಾದ್ರೆ ನಿದ್ದಿ ಬರುತ್ತೆ, ಕೈಗಿಂತ ಬಾಳ ಕಷ್ಟ ಆದ್ರೆ ಎದಿ ಹೊಡ್ಕೊಳುತ್ತೆ, ನಡುವಿಂದು ಸಿಕ್ಕಾಗ ಊಟದ ಬೆಲ್ ಹೊಡೆದಿದ್ದೇ ಗೊತ್ತಾಗಲ್ಲ.

ಕೈಕಸುಬಿನೋರಿಗೆ ನಮ್ಗಿಂತ ಜಾಸ್ತಿ ಖುಷಿ ಇರುತ್ತಲ್ವಾ?

ದೂರದಿಂದ ಹಂಗೇ ಕಾಣುತ್ತೆ. ಕೊಪ್ಪಳ ಹತ್ರ ಕಿನ್ನಾಳಕ್ಕೆ ಹೋದ್ರೆ ಹಗುರ ಮರದಾಗ ಗೊಂಬೆ ಕೆತ್ತಿ, ಮರದ ಹೊಟ್ಟು ಹುಣಸೆ ಬೀಜದ ಅಂಟು ಕಲ್ಸಿ ತುಂಡು ತುಂಡು ಕೂಡ್ಸಿ, ಮ್ಯಾಲೆ ಬಣ್ಣ ಕೊಟ್ಟು ಕಣ್ಣು ಬರೀತಾರೆ. ಶುರುವಿಂದ ಕೊನೆ ತನಕ ಒಂದೇ ಮನಿನಾಗ ಆಗೋ ಕೆಲಸ, ನಮ್ಮಂಗೆ ಒಬ್ಬ ಬರೇ ಜೇಬು ಒಬ್ಬ ಬರೇ ಜಿಪ್ ಅಂತಿಲ್ಲ. ಸಂಡೂರಿನ ಲಂಬಾಣಿ ಕಸೂತಿ ಅಕ್ಕಂದಿರದೂ ಹಂಗೇ, ಬಟ್ಟೆ ನೋಡಿ ಇದು ನಾನು ಹಾಕಿದ್ದು ಅಂತ ಹೇಳ್ಬೋದು. ಎರಡಕ್ಕೂ ಜಿಐ ಟ್ಯಾಗ್ ಐತೆ, ಅಂದ್ರೆ ಈ ಕಸುಬು ಈ ಊರಿಂದು ಅಂತ ಸರ್ಕಾರ ಕೊಡೋ ಗುರುತು. ಟ್ಯಾಗ್‌ನಿಂದ ರೇಷನ್ ಬರಲ್ಲ ಅನ್ನೋದು ಬ್ಯಾರೆ ಮಾತು, ಕಸುಬಿನೋರ ಮಕ್ಳು ಬ್ಯಾರೆ ಕೆಲಸ ನೋಡ್ಕೊಂಡ್ರೆ ಅವ್ರನ್ನ ಬೈಯೋ ಹಕ್ಕು ಗೊಂಬೆಗೆ ಚೌಕಾಶಿ ಮಾಡೋ ನಮಗಿಲ್ಲ.

ಸರ್ಕಾರಿ ನೌಕರಿ ಸಿಕ್ರೆ ಎಲ್ಲಾ ಸರಿ ಹೋಗುತ್ತಲ್ವಾ?

ಸಂಬಳದ ಚಿಂತೆ ಹೋಗುತ್ತೆ, ಅದು ಸಣ್ಣದಲ್ಲ. ನಮ್ ಭಾಗಕ್ಕೆ 2013ರಿಂದ ಸಂವಿಧಾನದ 371ಜೆ ವಿಧಿ ಪ್ರಕಾರ ಮೀಸಲಾತಿ ಐತೆ, ಬಳ್ಳಾರಿ ರಾಯಚೂರು ಕೊಪ್ಪಳ ಮೂರೂ ಅದ್ರಾಗ ಬರ್ತಾವೆ, ಅರ್ಹತಾ ಪತ್ರ ಮಾಡಿಸ್ಕೊಂಡಿಲ್ಲ ಅಂದ್ರೆ ಮೊದ್ಲು ಅದು ಮಾಡಿಸ್ರಿ. ಓದ್ರಿ, ಧಾರವಾಡಕ್ಕೆ ಹೋಗಿ ಕೋಚಿಂಗ್ ತಗೊಳ್ರಿ, ಆದ್ರೆ ಎಷ್ಟು ವರ್ಷ ಅಂತ ಮನಿಯೋರ ಮುಂದೆ ಒಂದು ತಾರೀಖು ಹೇಳಿ ಹೋಗ್ರಿ. ತಾರೀಖು ಇಲ್ದೆ ಹೋದ ಹುಡುಗ್ರು ರೂಮಿನಾಗ ಕೂತು ಕೂದ್ಲು ಉದುರಿಸ್ಕೊಂಡಿದ್ದು ನೋಡಿದೀನಿ. ಇನ್ನು ನೌಕರಿ ಸಿಕ್ಕ ಮ್ಯಾಲೂ ಟೇಬಲ್ ಹಿಂದೆ ಕೂತು ಅಯ್ಯೋ ಅನ್ನೋರು ಎಷ್ಟು ಮಂದಿ ಅಂತ ಯಾವ ತಾಲೂಕು ಆಫೀಸಿಗಾದ್ರೂ ಹೋದೋರಿಗೆ ನಾನು ಹೇಳ್ಬೇಕಾಗಿಲ್ಲ.

ಯಾವ ಕೆಲಸದಾಗ ಅರ್ಥ ಜಾಸ್ತಿ?

2024 ಆಗಸ್ಟ್ 10ರ ರಾತ್ರಿ ನೆನಪೈತಲ್ಲ. ಟಿಬಿ (ತುಂಗಭದ್ರಾ) ಡ್ಯಾಮಿನ 33 ಗೇಟ್‌ನಾಗ 19ನೇದರ ಚೈನ್ ಕಡಿದು ಗೇಟೇ ಕೊಚ್ಕೊಂಡು ಹೋಯ್ತು. ಡ್ಯಾಮ್ ತುಂಬಿ ನಿಂತಿತ್ತು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತದ ಗದ್ದೆ ಇರೋರು ಯಾರೂ ಅವತ್ತಿಂದ ಸರಿಯಾಗಿ ನಿದ್ದಿ ಮಾಡ್ಲಿಲ್ಲ, ನಮ್ ಮಾವನ ಮನಿಯೋರು ದಿನಾ ನ್ಯೂಸ್ ಹಚ್ಕೊಂಡು ಕೂತಿರ್ತಿದ್ರು. ಕನ್ನಯ್ಯ ನಾಯ್ಡು ಅನ್ನೋ ಹಿರಿಯ ಗೇಟ್ ಎಕ್ಸ್‌ಪರ್ಟ್ ಬಂದ್ರು, ಹರಿಯೋ ನೀರಿನಾಗೇ ಸ್ಟಾಪ್ ಲಾಗ್ (ಗೇಟ್ ಬದ್ಲು ನೀರು ತಡೆಯೋ ಕಬ್ಬಿಣದ ತಡೆ) ಇಳಿಸ್ಬೇಕು ಅಂದ್ರು, ಒಂದು ವಾರದೊಳಗೆ ಇಳಿಸೇ ಬಿಟ್ರು. ಕ್ರೇನ್‌ನಾಗ ತೂಗಾಡೋ ಕಬ್ಬಿಣದ ಮುಂದೆ ಆ ಕಾರ್ಮಿಕರು ನಿಂತಿದ್ದು ಟೀವಿನಾಗ ನೋಡಿದ್ರಿ.

ನಂಗೆ ಅನ್ಸೋದು ಇಷ್ಟು, ಆ ವೆಲ್ಡರ್, ಆ ಕ್ರೇನ್ ಆಪರೇಟರ್ ಅದಕ್ಕೂ ಹಿಂದಿನ ವಾರನೂ ಅದೇ ಕೆಲಸ ಮಾಡ್ತಿದ್ರು, ಎಲ್ಲೋ ಶೆಡ್ಡಿಗೆ ಕಬ್ಬಿಣ ಎತ್ತಿ ಇಡ್ತಿದ್ರು, ಯಾರೂ ಚಪ್ಪಾಳೆ ಹೊಡಿತಿರ್ಲಿಲ್ಲ. ಕೈಯಾಗಿನ ವಿದ್ಯೆ ಅದೇ. ಆ ಕಡೆ ಇರೋ ಗದ್ದೆ ಆ ವಾರ ಎಲ್ರಿಗೂ ಕಾಣ್ತು.

ಸೂಪರ್‌ವೈಸರ್ ದಿನಾ ಬೈತಾನೆ, ಕೆಲಸಕ್ಕೆ ಹೋಗಕ್ಕೇ ಮನಸಿಲ್ಲ.

ಇದಕ್ಕೆ ಉತ್ರ ಕೊಡೋವಾಗ ತಲಿ ತಗ್ಗಿಸ್ಬೇಕು, ಯಾಕಂದ್ರೆ ನಾನೂ ಅದೇ ಜಾತಿ. ಸೂಪರ್‌ವೈಸರ್ ಆದ ಹೊಸದ್ರಾಗ ಒಂದು ಬಂಡಲ್‌ಗೆ ಸೈಜ್ ಲೇಬಲ್ ಅದಲು ಬದಲಾಗಿತ್ತು, 32ಕ್ಕೆ 34, ಒಬ್ಬ ಹುಡುಗಿನ ಲೈನ್ ಎಲ್ಲಾ ಕೇಳೋಂಗೆ ಬೈದೆ. ಆಮ್ಯಾಲೆ ನೋಡಿದ್ರೆ ಲೇಬಲ್ ಡಬ್ಬಿ ತಪ್ಪು ಕೊಟ್ಟೋನು ನಾನೇ. ಆಕಿ ಎರಡು ದಿನ ಬರ್ಲಿಲ್ಲ. ಮೂರನೇ ದಿನ ಬಂದಾಗ ಅದೇ ಲೈನ್ ಮುಂದೆ ನಿಂತು ತಪ್ಪು ನಂದು ಅಂದೆ, ಕಾಲು ನಡುಗ್ತಿತ್ತು. ಅವತ್ತಿಂದ ಒಂದು ರೂಢಿ ಮಾಡ್ಕೊಂಡೆ, ಪೀಸ್ ಕೈಯಾಗ ಹಿಡ್ಕೊಂಡು ಪೀಸ್ ಬಗ್ಗೆ ಮಾತ್ರ ಮಾತಾಡೋದು. ನಿಮ್ ಸೂಪರ್‌ವೈಸರ್‌ಗೆ ಹಿಂಗೆ ಕೇಳಿ ನೋಡ್ರಿ, 'ಸರ್, ಈ ಪೀಸ್‌ನಾಗ ಏನ್ ತಪ್ಪು ತೋರ್ಸ್ರಿ'. ಅರ್ಧ ಮಂದಿ ತಣ್ಣಗಾಗ್ತಾರೆ. ಉಳಿದರ್ಧ ಮಂದಿಗೆ ಔಷಧಿ ಇಲ್ಲ, ಲೈನ್ ಬದಲಾಯಿಸ್ಕೊಳ್ರಿ.

ಮೈ ಮುಟ್ಟೋದು, ಕೆಟ್ಟ ಮಾತಾಡೋದು ಇದ್ರೆ ಅದು ಬೈಗುಳದ ಲೆಕ್ಕ ಅಲ್ಲ. 2013ರ ಕಾಯ್ದೆ ಪ್ರಕಾರ 10 ಮಂದಿ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಡೆ ದೂರು ಸಮಿತಿ ಇರ್ಲೇಬೇಕು, ಇಲ್ಲಾಂದ್ರೆ ಜಿಲ್ಲೆಗೊಂದು ಸಮಿತಿ ಇರುತ್ತೆ, ಅಲ್ಲಿಗೆ ಹೋಗ್ಬೋದು.

ಬರೇ ದಣಿವಾ ಅಥವಾ ಬರ್ನ್‌ಔಟಾ, ಹೆಂಗೆ ತಿಳ್ಕೊಳೋದು?

ಮೊದ್ಲು ತಿಂಗಳು ನೋಡ್ರಿ. ಏಪ್ರಿಲ್ ಮೇ ಆದ್ರೆ ಬಿಸಿಲೇ ಕಾರಣ ಇರ್ಬೋದು. ನಮ್ ಬಳ್ಳಾರಿ ರಾಯಚೂರಿನಾಗ 40 ಡಿಗ್ರಿ ದಾಟುತ್ತೆ, ಶೀಟ್ ಮನಿನಾಗ ರಾತ್ರಿ ಕರೆಂಟ್ ಹೋದ್ರೆ ನಿದ್ದಿ ಎಲ್ಲಿಂದ ಬರ್ಬೇಕು, ಬೆಳಗ್ಗೆ ಎದ್ದು 'ನನ್ನ ಜೀವನಕ್ಕೆ ಅರ್ಥ ಇಲ್ಲ' ಅನ್ಸುತ್ತೆ. ಅರ್ಥ ಐತೆ ತಮ್ಮಾ, ನಿದ್ದಿ ಇಲ್ಲ ಅಷ್ಟೇ. ಎರಡು ದಿನ ಮಲಗಿ ಎದ್ದು ಆಮ್ಯಾಲೆ ಇನ್ನೊಂದ್ ಸಲ ಯೋಚ್ನೆ ಮಾಡ್ರಿ.

ಮಲಗಿ ಎದ್ರೂ ಹೋಗದ ಸುಸ್ತು, ಕೆಲಸ ಕಂಡ್ರೆ ಅಸಹ್ಯ, ನನ್ ಕೈಯಾಗ ಏನೂ ಆಗಲ್ಲ ಅನ್ನೋ ಭಾವನೆ, ಈ ಮೂರೂ ಸೇರಿದ್ರೆ ಅದು ಬರ್ನ್‌ಔಟ್ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳೈತೆ, ರೋಗ ಅಂತ ಅಲ್ಲ, ಕೆಲಸದ ಒತ್ತಡ ಸರಿಯಾಗಿ ನಿಭಾಯಿಸ್ದೇ ಹೋದಾಗ ಬರೋ ಸ್ಥಿತಿ ಅಂತ. ಊಟ ಸೇರ್ತಿಲ್ಲ, ಅಳು ಬರುತ್ತೆ, ಸಾಯೋ ಯೋಚ್ನೆ ಬರುತ್ತೆ ಅಂದ್ರೆ ನನ್ನಂಥೋನ ಮಾತು ಓದ್ಕೊಂಡು ಕೂತ್ಕೊಬ್ಯಾಡ್ರಿ, 14416ಕ್ಕೆ ಫೋನ್ ಮಾಡ್ರಿ, ಟೆಲಿ ಮಾನಸ್ ಅಂತ ಸರ್ಕಾರದ್ದು, ಫ್ರೀ, ಕನ್ನಡದಾಗೇ ಮಾತಾಡ್ತಾರೆ.

ಧ್ಯಾನ ಮಾಡಿದ್ರೆ ಕೆಲಸದಾಗ ಖುಷಿ ಬರುತ್ತಾ?

ಮಾಡ್ರಿ, ಒಳ್ಳೇದೇ. ಆದ್ರೆ ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ದ ಯೂನಿಟ್‌ನಾಗ ಮೊದ್ಲು ಚಿಲಕ ಹಾಕಿಸ್ರಿ.

ಬೆಂಗ್ಳೂರಿಗೆ ಹೋಗ್ಲಾ?

ಸಂಬಳದಾಗ ರೂಮ್ ಬಾಡಿಗೆ, ಊಟ, ಊರಿಗೆ ಬಂದು ಹೋಗೋ ಖರ್ಚು ಕಳೆದು ಉಳಿಯೋದು ಎಷ್ಟು ಅಂತ ಪೇಪರ್ ಮ್ಯಾಲೆ ಬರ್ದು ನೋಡ್ರಿ. ಇಲ್ಲಿ ಉಳಿಯೋದಕ್ಕಿಂತ ಜಾಸ್ತಿ ಇದ್ರೆ, ಅಥವಾ ಇಲ್ಲಿ ಇಲ್ದ ಕೆಲಸ ಅಲ್ಲಿ ಕಲಿಯಕ್ಕೆ ಸಿಗೋದಾದ್ರೆ, ಹೋಗ್ರಿ. ಬಳ್ಳಾರಿ ಬೋರ್ ಅಂತ ಹೋಗೋದಾದ್ರೆ ಆರು ತಿಂಗಳಿಗೆ ಅದೂ ಬೋರ್ ಆಗುತ್ತೆ.

ಕೆಲಸ ಬಿಡ್ಬೇಕು ಅಂತ ಗಟ್ಟಿ ಮಾಡಿದೀನಿ. ಏನೇನ್ ನೋಡ್ಕೊಳ್ಲಿ?

ಅಡ್ವಾನ್ಸ್ ತೀರ್ಸಿದೀರಾ ಅಂತ ಮೊದ್ಲನೇದು. ನಮ್ ಲೈನ್‌ನಾಗ ಟೈಲರ್‌ಗಳು ಅಡ್ವಾನ್ಸ್ ತಗೊಂಡು ಕಾಲಿಗೆ ಹಗ್ಗ ಕಟ್ಕೊಂಡಂಗೆ ಇರ್ತಾರೆ, ಖುಷಿ ಹಾಳಾಗೋಕೆ ನಂಬರ್ ಒನ್ ಕಾರಣ ಅದೇ ಅಂತ ನನ್ ಅಭಿಪ್ರಾಯ, ಮದುವಿಗೆ ತಗೊಂಡ ಅಡ್ವಾನ್ಸು ಮಗು ಶಾಲಿಗೆ ಹೋಗೋ ತನಕ ತೀರಲ್ಲ. ಎಷ್ಟು ತಗೊಂಡ್ರಿ ಎಷ್ಟು ಕಟ್ಟಾಯ್ತು ಅಂತ ನಿಮ್ದೇ ಒಂದು ಚೀಟಿ ಇರ್ಲಿ.

ಆಮ್ಯಾಲೆ ಪಿಎಫ್. ಉಮಂಗ್ ಆಪ್‌ನಾಗ ಪಾಸ್‌ಬುಕ್ ತೆಗೆದು ಪ್ರತಿ ತಿಂಗಳು ಜಮಾ ಆಗೈತಾ ನೋಡ್ರಿ, ನಿಮ್ ಪಾಲು 12 ಪರ್ಸೆಂಟ್ ಕಟ್ ಆದ್ರೆ ಓನರ್ ಕಡೆಯಿಂದ್ಲೂ 12 ಬೀಳ್ಬೇಕು. ಬಿಟ್ಟ ಕೂಡ್ಲೇ ಪೂರ್ತಿ ತೆಗಿಬ್ಯಾಡ್ರಿ, ಹೊಸ ಕಡೆಗೆ ಅದೇ ಯುಎಎನ್ (ನಿಮ್ ಪಿಎಫ್ ಖಾತೆ) ನಂಬರ್ ಕೊಡ್ರಿ. ತಿಂಗಳಿಗೆ 21,000 ತನಕ ಸಂಬಳ ಇರೋರಿಗೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇರುತ್ತೆ, ಮನಿಯಾಗ ಯಾರದಾದ್ರೂ ಟ್ರೀಟ್ಮೆಂಟ್ ನಡೀತಿದ್ರೆ ಅದನ್ನ ನೋಡ್ಕೊಂಡು ಬಿಡ್ರಿ. ಮೂರು ತಿಂಗಳ ರೇಷನ್, ಬಾಡಿಗೆ ಕೈಯಾಗ ಇರ್ಲಿ. ಜಗಳ ಆದ ದಿನ ಮಾತ್ರ ಬಿಡ್ಬ್ಯಾಡ್ರಿ, ಬಿಡೋದೇ ಆದ್ರೆ ಬಟವಾಡೆ ಆದ ಮರುದಿನ ಬಿಡ್ರಿ.

ಯೂನಿಟ್‌ಗೂ ಬಂದು ಮನಿಕೆಲಸನೂ ಮಾಡೋ ಹೆಂಗಸ್ರಿಗೆ ಏನ್ ಹೇಳ್ತೀರಿ?

ಅವ್ರಿಗೆ ಹೇಳಕ್ಕೆ ನಂಗೇನಿಲ್ಲ, ಅವ್ರ ಮನಿ ಗಂಡಸ್ರಿಗೆ ಐತೆ. ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡ್ದು, ನೀರು ತುಂಬ್ಸಿ, ಮಕ್ಳನ್ನ ಕಳ್ಸಿ ಒಂಬತ್ತಕ್ಕೆ ಮಶೀನ್ ಮ್ಯಾಲೆ ಕೂರೋಳಿಗೆ ಅರ್ಥ ಹುಡುಕೋ ಪುರುಸೊತ್ತು ಎಲ್ಲೈತೆ. ನೀರು ನೀವು ತುಂಬ್ರಿ. ಮತ್ತೆ ಆಕಿ ಸಂಬಳ ಆಕಿ ಅಕೌಂಟಿಗೇ ಬರ್ಲಿ, ಎಟಿಎಂ ಕಾರ್ಡ್ ಆಕಿ ಹತ್ರನೇ ಇರ್ಲಿ. ನಮ್ ಲೈನ್‌ನಾಗ ಒಬ್ಬಾಕಿ ತನ್ನ ದುಡ್ಡಿನಾಗ ತನಗೆ ಅಂತ ಮೊದ್ಲ ಸಲ ಚಪ್ಲಿ ತಗೊಂಡು ಬಂದಾಗ ಇಡೀ ದಿನ ಮಶೀನ್ ಪೆಡಲ್ ಮ್ಯಾಲೆ ಬರಿಗಾಲು ಇಟ್ಟು ಚಪ್ಲಿನ ಪಕ್ಕದಾಗ ಪೇಪರ್ ಹಾಸಿ ಇಟ್ಟಿದ್ಲು.

ಕೊನೇದು, ನಿಮಗೆ ಖುಷಿ ಐತಾ ಅಣ್ಣಾ?

ಹತ್ತು ದಿನದಾಗ ಆರು ದಿನ ಐತೆ. ಜಿಪ್ ಬರ್ದೆ ಲಾಟ್ ನಿಂತ ದಿನ ಇಲ್ಲ, ಓನರ್ ಫೋನ್ ಸಾಯಂಕಾಲ ಏಳರ ಮ್ಯಾಲೆ ಬಂದ ದಿನ ಇಲ್ಲ. ಹೊಸ ಡೆನಿಮ್ ಮುಟ್ಟಿ ಮುಟ್ಟಿ ಉಗುರಿನ ಅಂಚು ನೀಲಿ ಆಗಿರುತ್ತೆ, ರವಿವಾರ ಎಷ್ಟು ತಿಕ್ಕಿದ್ರೂ ಹೋಗಲ್ಲ, ಮೊದಲು ಮದುವಿ ಊಟಕ್ಕೆ ಕೂತಾಗ ಎಲಿ ಮುಂದೆ ಕೈ ಮುಚ್ಕೊತಿದ್ದೆ. ಹೋದ ತಿಂಗಳು ಕಂಪ್ಲಿನಾಗ ಒಂದು ಮದುವಿ, ಎದ್ರು ಸಾಲಿನಾಗ ಒಬ್ಬ ಹಿರಿಯರು ನನ್ ಕೈ ನೋಡಿ 'ಜೀನ್ಸಿನೋರಾ?' ಅಂದ್ರು, ಹೌದ್ರಿ ಅಂದೆ. ಅವ್ರು ತಮ್ಮ ಕೈ ತೋರಿಸಿದ್ರು, ಅದೂ ನೀಲಿ.